ಒತ್ತಕ್ಷರ ಬಿದ್ದುಹೋದ ನಿನ್ನ ಪುಸ್ತಕದ ಬಗ್ಗೆ

ದೊಡ್ಡಮ್ಮಾ,

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಆದರೆ ಬದುಕಿದ್ದಾಗ ನೀನು ಸಿಟ್ಟು ಮಾಡಲು ಬಿಟ್ಟೆಯಾ? ನಾನು ಬಾಯಿ ತೆರೆದರೆ ಸಾಕು, ನೀನು ಚಾ ಲೋಟ ಕೈಗೆ ಕೊಡುತ್ತಿದ್ದೆ. ಈಗ ಲೋಟ ಕೊಡುವವರಿಲ್ಲ, ಹೇಳಿಯೇ ಬಿಡುತ್ತೇನೆ.

ಕುಂದಾಪುರದ ನನ್ನ ಡಿಟಿಪಿ ಅಂಗಡಿಗೆ ನೀನು ಬರುತ್ತಿದ್ದ ಮಧ್ಯಾಹ್ನಗಳು ನೆನಪಾಗುತ್ತವೆ. ನನ್ನ ಪಕ್ಕ ಸ್ಟೂಲು ಹಾಕಿಕೊಂಡು, ಶಾಲೆಯಲ್ಲಿ ಮಕ್ಕಳ ಕಾಪಿ ತಿದ್ದುತ್ತಿದ್ದ ಹಾಗೆಯೇ, ನಾನು ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದೆ. ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಮರವಂತೆ, ಬೈಂದೂರು ಎಂದು ಮನೆಮನೆ ತಿರುಗಿ, ಮೀನು ಮಾರಿ ಬಂದು ಕಾಲು ಚಾಚಿ ಕೂತ ಅಜ್ಜಿಯರಿಂದ ಕೇಳಿ ನೀನು ಬರೆದುಕೊಂಡ ಮದುವೆ ಹಾಡುಗಳು ಅವು. "ಹಾಡುವರ್ ಒಬ್ರಾದ್ ಮೇಲ್ ಒಬ್ರ್ ಹೋತಾ ಇದ್ರ್ ಮಗಾ, ಪುಸ್ತಕದಗಾದ್ರೂ ಇರ್ಲಿ" ಎನ್ನುತ್ತಿದ್ದೆ. ಒಂದು ದೀರ್ಘ ತಪ್ಪಿದರೂ ನೀನು ಬಿಡುತ್ತಿರಲಿಲ್ಲ. ಅಂಥವಳು ಕೊನೆಗೆ...

ಪುಟಗಳನ್ನೆಲ್ಲ ಸಿಡಿಗೆ ಹಾಕಿ ಕೊಟ್ಟ ದಿನ ನಿನಗೆ ಬಿಡಿಸಿ ಹೇಳಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆಂದ ಕಾಣುವ ಪುಟವನ್ನು ಬೇರೆ ಕಡೆ ತೆರೆದಾಗ, ಅಲ್ಲಿ ಅದೇ ಫಾಂಟು ಇಲ್ಲದಿದ್ದರೆ, ಬದಲಿಗೆ ಬೇರೆ ಹಾಕಲೇ ಎಂದು ಅಲ್ಲಿನ ಕಂಪ್ಯೂಟರು ಕೇಳುತ್ತದೆ. ಅವಸರದವರು ಓಕೆ ಒತ್ತಿಬಿಡುತ್ತಾರೆ. ಒತ್ತಕ್ಷರ ಇದ್ದ ಜಾಗವೆಲ್ಲ ಖಾಲಿಯಾಗುತ್ತದೆ. ಅದಕ್ಕೇ ಫಾಂಟುಗಳನ್ನೂ ಸಿಡಿಗೆ ಹಾಕಿದ್ದೆ. ಪ್ರೆಸ್ಸಿನಲ್ಲಿ ತೆರೆದ ಮೇಲೆ ಒಂದು ಪ್ರಿಂಟು ತೆಗೆದು ನನಗೆ ತೋರಿಸಿ, ಆಮೇಲೆ ಅಚ್ಚಿನ ಪ್ಲೇಟು ಮಾಡಬೇಕು ಎಂದೂ ಹೇಳಿದ್ದೆ. ಪುಸ್ತಕ ಬಿಡುಗಡೆ ಸಮಿತಿಯ ಅಧ್ಯಕ್ಷ ಜಗನ್ನಾಥರು ಸಿಡಿಯನ್ನು ತಮ್ಮ ಕಾರಿನಲ್ಲಿ ಒಯ್ಯಲು ಬಂದಾಗ, ನಾನೂ ಬತ್ತೆ ಎಂದೆ.

"ನೀ ಎಂತಕ್ಕೆ? ಪ್ರೆಸ್ಸಿನರಿಗೆ ಗೊತ್ತಿಲ್ದಾ? ಮಂತ್ರಿಗಳ್ ಡೇಟ್ ಕೊಟ್ಟಾಯ್ತ್, ಇನ್ ಪ್ರಿಂಟ್ ತೋರ್ಸುಕೆ ಟೈಮ್ ಇಲ್ಲೆ" ಎಂದರು.

ನಾನು ನಿನ್ನ ಮುಖ ನೋಡಿದೆ. ನಿನ್ನ ಪುಸ್ತಕ, ನೀನು ಒಂದು ಮಾತು ಹೇಳಿದ್ದರೆ ಅವರು ನಿಲ್ಲುತ್ತಿದ್ದರು. "ಅವ್ರಿಗ್ ಬೇಜಾರಾತ್ತ್, ಹೋಯ್ಲಿ ಬಿಡ್" ಎಂದೆ ನೀನು.

ಸಾಲಿಗ್ರಾಮದ ಸಭಾಭವನದಲ್ಲಿ ಮಂತ್ರಿಗಳು ರಿಬ್ಬನ್ ಬಿಚ್ಚಿ ಪುಸ್ತಕ ನಿನ್ನ ಕೈಗಿಟ್ಟ ಗಳಿಗೆ ನನಗೆ ಮರೆಯುವುದಿಲ್ಲ. ನೀನು ಒಂದು ಪುಟ ತೆರೆದೆ, ಇನ್ನೊಂದು ತೆರೆದೆ, ಮುಚ್ಚಿದೆ. ಕೆಳಗೆ ಕೂತ ನನಗೆ ಅಷ್ಟರಲ್ಲೇ ತಿಳಿಯಿತು. ನನ್ನ ಕೈಗೂ ಒಂದು ಪ್ರತಿ ಬಂತು. 'ಅಕ್ಕ' ಎಂದಿದ್ದಲ್ಲಿ 'ಅಕ', 'ಮಲ್ಲಿಗೆ' ಎಂದಿದ್ದಲ್ಲಿ 'ಮಲಿಗೆ'. ಯಾವ ಪುಟ ತಿರುಗಿಸಿದರೂ ಇದೇ. ಜನ ಗುಸುಗುಸು ಮಾಡತೊಡಗಿದ ಮೇಲೆ ಜಗನ್ನಾಥರು ಮೈಕ್ ಹಿಡಿದು, ಟೈಪಿಂಗಿನಲ್ಲಿ ತಪ್ಪುಗಳಾಗಿವೆ, ಟೀಚರ್ ಅವರ ತಂಗಿಯ ಮಗಳೇ ಮಾಡಿದ್ದು, ಎಲ್ಲರೂ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದರು. ಶಾಲು ಹೊದ್ದು ಅವರ ಪಕ್ಕದಲ್ಲೇ ಕೂತಿದ್ದವಳು ನೀನು. ತಲೆ ಎತ್ತಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆನಲ್ಲ, ಯಾಕೆ ಸುಮ್ಮನಿದ್ದೆ ಎಂದು. "ಅಷ್ಟ್ ಜನದ ಎದ್ರ್ ಅವ್ರ ಮರ್ಯಾದಿ ತೆಗುಕಾತ್ತಾ?" ಎಂದೆ ನೀನು.

"ನನ್ ಮರ್ಯಾದಿ?"

"ನೀನ್ ಮನಿಯವ್ಳಲ್ದಾ ಮಗಾ."

ಮನೆಯವಳಾದರೆ ಮರ್ಯಾದೆ ಇರುವುದಿಲ್ಲವೇ ದೊಡ್ಡಮ್ಮ? ಹೊರಗಿನವರ ಮುಖ ಉಳಿಸಲು ಮನೆಯವರ ಮುಖಕ್ಕೆ ಮಸಿ ಬಳಿದರೆ ನಡೆಯುತ್ತದೆ ಎಂದು ನೀನು ಯಾವ ಶಾಲೆಯಲ್ಲಿ ಕಲಿಸುತ್ತಿದ್ದೆ? ಆಮೇಲೆ ನನ್ನ ಅಂಗಡಿಗೆ ಮದುವೆ ಕಾಗದ ಮಾಡಿಸಲು ಬಂದವರು "ಒತ್ತಕ್ಷರ ಎಲ್ಲ ಬತ್ತಲ್ದಾ?" ಎಂದು ನಗುತ್ತಿದ್ದರು. ನಗದವರು ಬೇರೆ ಅಂಗಡಿಗೆ ಹೋಗುತ್ತಿದ್ದರು. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನೋಡಲು ಬಂದವರ ಎದುರಿಗಾದರೂ ನನ್ನ ತಪ್ಪಿಲ್ಲ ಎಂದು ಹೇಳುತ್ತೀಯೇನೋ ಎಂದು ಕಾದೆ. ಅಂಗಡಿ ಹೇಗೆ ನಡೆಯುತ್ತಿದೆ ಎಂದು ನೀನು ಕೇಳಿದೆ. ಅಷ್ಟೇ.

ಹೋದ ತಿಂಗಳು ವಂಡ್ಸೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುಮಗಳನ್ನು ಹಸೆಗೆ ಕರೆತರುವಾಗ, ಅವಳ ಚಿಕ್ಕಪ್ಪನ ಮಗಳು, ಮುಂಬಯಿಯಲ್ಲಿ ಬೆಳೆದವಳು, ನಿನ್ನ ಪುಸ್ತಕ ಹಿಡಿದು ಮೈಕ್ ಎದುರು ನಿಂತಳು. ಅವಳು ಕನ್ನಡ ಓದುವುದು ಅಕ್ಷರ ಕೂಡಿಸಿಕೊಂಡು. ನೀನು ಬರೆದದ್ದು 'ಮಲ್ಲಿಗೆ ಮುಡಿಸಿ ಹೆಣ್ಣ ತನ್ನಿ ಹಸೆಗೆ' ಎಂದು. ಅಚ್ಚಾದದ್ದು 'ಹೆಣ ತನಿ ಹಸೆಗೆ'. ಆ ಹುಡುಗಿ ಪಾಪ, ಇದ್ದದ್ದನ್ನು ಇದ್ದ ಹಾಗೆ ರಾಗವಾಗಿ ಹಾಡಿದಳು.

ಮದುಮಗಳು ನಡೆಯುವುದನ್ನು ನಿಲ್ಲಿಸಿದಳು. ಅವಳ ಅಜ್ಜಿ ಎದ್ದು ಬಂದು ಪುಸ್ತಕ ಕಸಿದುಕೊಂಡು, "ಹಸೆ ಎದ್ರ್ ಎಂತ ಮಾತ್ ಇದ್? ಯಾರ್ ಬರ್ದದ್ ಈ ಪುಸ್ತಕ?" ಎಂದು ಕೇಳಿದರು. ಹುಡುಗಿ ರಕ್ಷಾಪುಟ ನೋಡಿ ನಿನ್ನ ಹೆಸರು ಓದಿದಳು.

ಈ ಸಲ ಮಸಿ ಬಿದ್ದದ್ದು ನಿನ್ನ ಹೆಸರಿಗೆ. ನಾನು ಕೂತಿರಬಹುದಿತ್ತು, ನೀನು ಕೂತ ಹಾಗೆ. ಕೂರಲಿಲ್ಲ. ಮೈಕ್ ತೆಗೆದುಕೊಂಡೆ. ಬರೆದವರು ಸರಿಯಾಗಿ ಬರೆದಿದ್ದಾರೆ, ಟೈಪ್ ಮಾಡಿದ ನಾನೂ ಸರಿಯಾಗಿ ಮಾಡಿದ್ದೇನೆ, ಪ್ರೆಸ್ಸಿನಲ್ಲಿ ಫಾಂಟು ನೋಡದೆ ಅಚ್ಚು ಮಾಡಿದರು, ನೋಡಲು ಬಿಡದವರು ಅಲ್ಲಿ ಕೂತಿದ್ದಾರೆ ಎಂದು ಜಗನ್ನಾಥರ ಕಡೆ ಕೈ ತೋರಿಸಿದೆ. ಮುಂದಿನ ಸಾಲಿನಲ್ಲೇ ಇದ್ದರು.

"ಹಳೇ ಕತಿ ಈಗೆಂತಕ್ಕೆ ಮಾರಾಯ್ತಿ?" ಎಂದರು.

"ಹಳೇದ್ ಹ್ಯಾಂಗಾತ್ತ್? ಈಗ ಓದಿದ್ದಲ್ದಾ?" ಎಂದೆ.

ಅವರು ಊಟಕ್ಕೂ ನಿಲ್ಲದೆ ಹೋದರು. ನಾನು ಆ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಸಾಲನ್ನು ಸರಿಯಾಗಿ ಹಾಡಿದೆ. ಅವಳೂ ಹಾಡಿದಳು. ಅಜ್ಜಿಯೂ ದನಿ ಸೇರಿಸಿದರು. ಮದುಮಗಳು ಮತ್ತೆ ಹೆಜ್ಜೆ ಹಾಕಿದಳು.

ಮರುವಾರ ಅದೇ ಅಜ್ಜಿ ಮನೆಗೆ ಕರೆಸಿದರು. "ಆ ಹಾಡಿಗೆ ಇನ್ನೆರಡ್ ನುಡಿ ಇತ್ತ್. ನಿನ್ ದೊಡ್ಡಮ್ಮಂಗ್ ಯಾರೂ ಹೇಳ್ಲಿಲ್ಯಾ?" ಎಂದು ಕೇಳಿ, ಜಗಲಿಯಲ್ಲಿ ಕೂತು ಹಾಡಿದರು. ತಾಯಿ ಮಗಳ ಸೆರಗು ಬಿಡಲಾರದೆ ಬಾಗಿಲಲ್ಲಿ ನಿಲ್ಲುವ ನುಡಿಗಳು. ನೀನು ಅಷ್ಟು ಊರು ತಿರುಗಿದರೂ ನಿನಗೆ ಸಿಗದವು. ಪಕ್ಕದಲ್ಲಿ ನೀನಿರಬೇಕಿತ್ತು ಎನಿಸಿತು, ಅದಕ್ಕೂ ನಿನ್ನ ಮೇಲೆಯೇ ಸಿಟ್ಟು ಬಂತು.

ಪುಸ್ತಕವನ್ನು ಹೊಸದಾಗಿ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡದ ಯೂನಿಕೋಡಿನಲ್ಲಿ ಕೂರಿಸಿದ್ದೇನೆ. ಆ ಎರಡು ನುಡಿ ಸೇರಿಸಿ, ಕೆಳಗೆ ವಂಡ್ಸೆಯ ಅಜ್ಜಿಯ ಹೆಸರು ಹಾಕಿದ್ದೇನೆ. ಮೊದಲ ಅಚ್ಚಿನ ತಪ್ಪು ಯಾರದೆಂದು ಮುನ್ನುಡಿಯಲ್ಲಿ ಬರೆದಿದ್ದೇನೆ. ನಿನ್ನ ಮೌನವನ್ನೂ ಬರೆದಿದ್ದೇನೆ. ಅದನ್ನು ತೆಗೆ ಎಂದು ಅಮ್ಮ ಅತ್ತಳು, ತೆಗೆಯಲಿಲ್ಲ. ನಾಳೆ ಬೆಳಿಗ್ಗೆ ಬ್ರಹ್ಮಾವರದ ಪ್ರೆಸ್ಸಿಗೆ ಹೋಗುತ್ತೇನೆ. ಒಂದೊಂದು ಪುಟವನ್ನೂ ಕಾಗದದ ಮೇಲೆ ಓದಿ ನಾನು ಹೂಂ ಅನ್ನುವ ತನಕ ಯಂತ್ರ ಸುರು ಮಾಡುವಂತಿಲ್ಲ ಎಂದು ಅವರಿಗೆ ಹೇಳಿಯಾಗಿದೆ.

ನಿನ್ನ ತಂಗಿಯ ಮಗಳು,
ಸುಮಾ