ಮಂಜುಶ್ರೀ ಕಾರ್ಡಿನ ದೆವ್ವಗಳು

ಮಾದಿಹಳ್ಳಿ
೧೨ ಮಾರ್ಚ್ ೧೯೯೮

ಪ್ರೀತಿಯ ತಮ್ಮ ದೇವೇಂದ್ರನಿಗೆ,

ಹುಬ್ಬಳ್ಳಿಯ ಬಿಸಿಲಿನಲ್ಲಿ ಹೇಗಿದ್ದೀಯಾ? ರೈಲು ಹಳಿಯ ಕೆಲಸದಲ್ಲಿ ಉಳುಕಿದ ಸೊಂಟಕ್ಕೆ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲಾ ನನ್ನ ಹಾಗೆ ಹಚ್ಚದೆ ಬರೀ ಬಾಟಲಿ ನೋಡಿಕೊಂಡೇ ದಿನ ತಳ್ಳುತ್ತಿದ್ದೀಯೋ? ಇಲ್ಲಿ ನಿನ್ನ ಹೆಂಡತಿ, ಮಗಳು ಮಂಜುಶ್ರೀ, ನಾನು ಎಲ್ಲರೂ ಆರೋಗ್ಯ. ಕೆಂದ ಹಸು ಹೆಣ್ಣು ಕರು ಹಾಕಿದೆ.

ಹಗರೆಯ ಹುಡುಗನ ಕಡೆಯವರು ಮಂಜುಶ್ರೀಯ ಸಂಬಂಧ ಬೇಡವೆಂದ ಕಥೆಯನ್ನು ನನಗೆ ಮೊದಲು ಹೇಳಿದವಳು ಪಕ್ಕದ ಮನೆಯ ಮುತ್ತಮ್ಮ, ಸೋಮವಾರ ಬೆಳಿಗ್ಗೆ ಡೈರಿಯ ಸಾಲಿನಲ್ಲಿ. “ನಮ್ ಹುಡ್ಗೀಗೆ ದೆವ್ವ ಮೆಟ್ಕೊಂಡೈತಂತೆ ಕಣಣ್ಣ, ಹಗರೆಯೋರು ಅಂತಾವ್ರೆ” ಎಂದಳು. ನನಗೆ ತಕ್ಷಣ ಹೊಳೆಯಿತು. ಶನಿವಾರ ಹುಡುಗನ ತಂದೆ ಮರಿಯಣ್ಣನವರು ಹುಡುಗಿಯ ವಿಚಾರ ತಿಳಿಯಲು ಊರಿಗೆ ಬಂದವರು, ವಾಪಸು ಬಸ್ಸು ಬರುವವರೆಗೆ ನಮ್ಮ ಪಂಚಾಯ್ತಿ ಗ್ರಂಥಾಲಯದಲ್ಲಿ ಕೂತಿದ್ದರು. ಪೇಪರು ಮುಗಿದ ಮೇಲೆ, ಯಾರ್ಯಾರು ಯಾವ ಪುಸ್ತಕ ಒಯ್ದರೆಂದು ನಾನು ಬರೆದಿಡುವ ರಿಜಿಸ್ಟರನ್ನು ತಿರುವಿದರು. ಹುಡುಗಿ ಎಷ್ಟು ಓದುತ್ತಾಳೆ ನೋಡಲಿ ಎಂದು ನಾನೂ ಹೆಮ್ಮೆಯಿಂದ ಸುಮ್ಮನಿದ್ದೆ. ಅದರಲ್ಲಿ ವರ್ಷವಿಡೀ ಮಂಜುಶ್ರೀ ಹೆಸರಿನ ಮುಂದೆ ದೆವ್ವ, ಪಿಶಾಚಿ, ಸ್ಮಶಾನ.

ನಿನಗೆ ಗೊತ್ತಿರಲಾರದು, ನಮ್ಮ ಬೀದಿಯಲ್ಲಿ ಗ್ರಂಥಾಲಯದ ಕಾರ್ಡು ಇರುವ ಹೆಂಗಸು ನಿನ್ನ ಮಗಳೊಬ್ಬಳೇ. ಉಳಿದವರು ಪಂಚಾಯ್ತಿ ಮೆಟ್ಟಿಲು ಹತ್ತಲು ನಾಚಿಕೊಂಡು, ತಮಗೆ ಬೇಕಾದ್ದನ್ನೆಲ್ಲ ಅವಳ ಕಾರ್ಡಿಗೇ ಬರೆಸುತ್ತಾರೆ. ಮಧ್ಯಾಹ್ನ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುವಾಗ ಅವಳು ಓದುತ್ತಾಳೆ, ಇವರು ಕೇಳುತ್ತಾರೆ. ಬೇಲೂರಿನಿಂದ ತಿಂಗಳಿಗೊಂದು ಚೀಲ ಪುಸ್ತಕ ಆರಿಸಿ ತರುವವನು ನಾನು. ಅದೇನು ಸುಲಭವೆಂದುಕೊಂಡೆಯಾ? ಗಿರಿಯಮ್ಮನಿಗೆ ದೆವ್ವ ಊರಾಚೆಯ ಮರದಲ್ಲೇ ಇರಬೇಕು, ಹೊಸ್ತಿಲು ದಾಟಕೂಡದು. ಅವಳಿಗಾಗಿ ಕೊನೆಯ ಪುಟವನ್ನೇ ಮೊದಲು ಓದುತ್ತೇನೆ. ಮನೆಯವರೆಲ್ಲ ಬದುಕಿದ್ದರೆ ಚೀಲಕ್ಕೆ ಹಾಕುತ್ತೇನೆ. ಮುತ್ತಮ್ಮನ ದೆವ್ವಕ್ಕೆ ನ್ಯಾಯ ಗೊತ್ತಿರಬೇಕು. ಕೊಲೆಯಾದ ಹೆಂಗಸು ಕೊಂದವನನ್ನು ಬಿಟ್ಟು ದಾರಿಹೋಕನನ್ನು ಹಿಡಿದರೆ “ಇದೂ ಒಂದ್ ದೆವ್ವಾನಾ? ಮುಖ ನೋಡಿ ಹಿಡಿಯಾಕಾಗಲ್ವಾ ಇದ್ಕೆ?” ಎಂದು ನನ್ನನ್ನು ಬೈಯುತ್ತಾಳೆ. ಶಿವಗಂಗಮ್ಮನಿಗೆ ದೆವ್ವ ಕಾಣಿಸಲೇಬಾರದು. ತಾನಾಗಿ ತೂಗುವ ತೊಟ್ಟಿಲು, ಯಾರೂ ಇಲ್ಲದ ಕೋಣೆಗೆ ಒಳಗಿನಿಂದ ಬಿದ್ದ ಚಿಲಕ, ಅಷ್ಟು ಸಾಕು. “ಕಂಡ್ಬಿಟ್ ಮ್ಯಾಲೆ ಏನ್ ಭಯ ಐತಣ್ಣ?” ಎನ್ನುತ್ತಾಳೆ. ಅವಳ ಮಾತೇ ಸರಿ ಎಂದು ನನಗೂ ಅನ್ನಿಸಿದೆ, ಆದರೆ ಅಂಥ ಪುಸ್ತಕ ಸಿಗುವುದು ಅಪರೂಪ.

ಸೋಮವಾರ ಸಂಜೆ ಮೂವರನ್ನೂ ಕೂರಿಸಿ ರಿಜಿಸ್ಟರಿನ ವಿಷಯ ಹೇಳಿದೆ. ಮಂಜುಶ್ರೀ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆ ಮೂವರೂ ಡೈರಿಗೆ ಹಾಲು ಹಾಕಿ, ಕ್ಯಾನು ತೊಳೆಯದೆ, ಏಳರ ಬಸ್ಸಿಗೆ ಹಗರೆಗೆ ಹೋದರು. ಮರಿಯಣ್ಣನವರ ಮನೆಯಲ್ಲಿ ಕೂತು “ಮರದಾಗಿರೋದು ನಂದು”, “ಸೇಡಿಂದು ನಂದು” ಎಂದು ತಮ್ಮ ತಮ್ಮ ದೆವ್ವಗಳನ್ನು ಒಪ್ಪಿಕೊಂಡರಂತೆ. ಹುಡುಗಿ ಪಾಪ ಒಂದು ಪುಟವನ್ನೂ ತೆರೆದವಳಲ್ಲ, ಬರೀ ಹೊತ್ತು ತಂದವಳು ಎಂದು ಗಿರಿಯಮ್ಮ ಆಣೆ ಇಟ್ಟಳಂತೆ. ಮರಿಯಣ್ಣನವರು ನಕ್ಕು, ಕಾಫಿ ಕೊಟ್ಟು, ಯುಗಾದಿ ಕಳೆದ ಮೇಲೆ ಮಾತುಕತೆಗೆ ಬರುತ್ತೇವೆಂದು ಹೇಳಿ ಕಳಿಸಿದ್ದಾರೆ.

ಹಬ್ಬಕ್ಕೆ ರಜೆ ಹಾಕಿ ಬಾ. ದೇವರು ನಿನ್ನನ್ನೂ ನಿನ್ನ ಸೊಂಟವನ್ನೂ ನೆಟ್ಟಗಿಟ್ಟಿರಲಿ.

ನಿನ್ನ ಅಣ್ಣ,
ಕಲ್ಲೇಶಪ್ಪ

ಲಕೋಟೆ ಅಂಟಿಸುವಾಗ ಬರೆದದ್ದು: ಮಂಜುಶ್ರೀ ಈಗ ಬಂದಿದ್ದಳು. “ದೊಡ್ಡಪ್ಪ, ಅಷ್ಟೂ ನಾನು ಓದಿದೀನಿ, ಇಷ್ಟಪಟ್ಟೇ ಓದಿದೀನಿ. ಅವರು ಒಪ್ಕೊಂಡಿರೋದು ಓದದೇ ಇರೋ ಹುಡುಗೀನ. ಅಪ್ಪಂಗೆ ಬರೀರಿ” ಎಂದಳು. ಬರೆದಿದ್ದೇನೆ. ಹಗರೆಗೆ ಹೋಗಿ ನಿಜ ಹೇಳುವವನು ನೀನೇ ಆಗಬೇಕಂತೆ. ಅವರು ಬೇಡವೆಂದರೆ ಅವಳಿಗೂ ಬೇಡವಂತೆ. ಯುಗಾದಿಯವರೆಗೆ ಕಾಯಬೇಡ.