ಸತ್ತವರಿಗೆ ಯಾವ ಪಂಚಾಂಗ?

ಯಜ್ದ್ ಪಕ್ಕದ ನಮ್ಮ ಹಳ್ಳಿ,
ಹಳೆಯ ಪಂಚಾಂಗಕ್ಕೆ, ಸತ್ತ ಹಿರಿಯರು ಮನೆಗೆ ಬರುವ ಐದು ದಿನಗಳಲ್ಲಿ ಕಡೆಯ ದಿನ. ಸರ್ಕಾರದ ಪಂಚಾಂಗಕ್ಕೆ ಮೊರ್ದಾದ್ ತಿಂಗಳ ಹದಿನಾಲ್ಕು. ನಿಮ್ಮ ಬೊಂಬಾಯಿಗೆ ೧೯೩೯ನೇ ಇಸವಿ, ಆಗಸ್ಟ್ ಆರು.

ನನ್ನವರೇ, ತೀರಂದಾಜ್ ಅವರೇ,

ಹೇಗಿದ್ದೀರಿ? ಎಲ್ಲರೂ ಕಾಗದದ ಮೊದಲಿಗೆ ಇದನ್ನು ವಾಡಿಕೆಗೆ ಕೇಳುತ್ತಾರೆ, ನಾನು ನಿಜವಾಗಿ ಕೇಳುತ್ತಿದ್ದೇನೆ. ಸ್ವಲ್ಪ ಜ್ವರ, ಅಂಗಡಿಯ ಚಹಾ ಕುಡಿದೇ ವಾಸಿಯಾಗುತ್ತೇನೆ, ಗಾಬರಿ ಬೇಡ ಎಂದು ವಸಂತದ ಕೊನೆಗೆ ಬರೆದಿದ್ದಿರಿ. ಆ ಚಹಾವನ್ನು ನಂಬಿ ಇಷ್ಟು ದಿನ ಸುಮ್ಮನಿದ್ದೆ. ಆಮೇಲೆ ನಿಮ್ಮಿಂದ ಒಂದು ಸಾಲೂ ಇಲ್ಲ. ಜ್ವರ ಇಳಿಯಿತೋ ಇಲ್ಲವೋ, ನನಗೆ ಬೇಕಾದ ಉತ್ತರ ಅದೊಂದೇ. ಇಲ್ಲಿ ನಾವು ಹೇಗೋ ಇದ್ದೇವೆ. ನಿಮ್ಮ ತಾಯಿಗೆ ಮಂಡಿಯಲ್ಲಿ ನೋವು, ಬಾಯಿಗೇನೂ ಆಗಿಲ್ಲ. ದಾಳಿಂಬೆ ಈ ಸಲ ಚೆನ್ನಾಗಿ ಕಚ್ಚಿದೆ. ನಿಮ್ಮ ತಮ್ಮ ಮೆಹರ್ಬಾನ್ ನೀರಿನ ಸರದಿಗಾಗಿ ಊರಿನವರ ಜೊತೆಯೆಲ್ಲ ಜಗಳವಾಡಿ ಮುಗಿಸಿ, ಈಗ ಮನೆಯವರ ಜೊತೆ ಆಡಲು ಬಿಡುವು ಮಾಡಿಕೊಂಡಿದ್ದಾನೆ. ಜಗಳ ಪಂಚಾಂಗದ್ದು. ಅದನ್ನೇ ನಿಮಗೆ ಬರೆಯಬೇಕು.

ಚಳಿಗಾಲದಲ್ಲಿ ತೆಹ್ರಾನಿನಿಂದ ಸೊರೂಶ್ ಎಂಬ ಮೇಷ್ಟ್ರು ಬಂದಿದ್ದರು. ನಮ್ಮ ಮತದವರೇ, ಒಳ್ಳೆಯ ಮನುಷ್ಯ. ಅಗ್ನಿಮಂದಿರದ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ತಾಳ್ಮೆಯಿಂದ ತಿಳಿಸಿದರು: "ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಬರೋಕೆ ಮುನ್ನೂರ ಅರವತ್ತೈದು ದಿನ, ಅದರ ಮೇಲೆ ಕಾಲು ದಿನ ಬೇಕು. ನಮ್ಮ ಹಿಂದಿನೋರು ಆ ಕಾಲು ದಿನಾನ ಕೈಬಿಟ್ರು. ನಾಲ್ಕು ವರ್ಷಕ್ಕೊಂದು ದಿನ ಜಾರಿ ಜಾರಿ, ವಸಂತದಲ್ಲಿ ಬರಬೇಕಾದ ಹೊಸವರ್ಷ ಈಗ ಬೇಸಿಗೆ ನಡುವೆ ಬಂದು ಕೂತಿದೆ. ಅದನ್ನ ಎತ್ತಿ ಅದರ ಜಾಗಕ್ಕೆ ಇಡೋಣ ಅಷ್ಟೆ." ನನಗೆ ಸರಿಯೆನಿಸಿತು. ಎಲ್ಲರಿಗೂ ಸರಿಯೆನಿಸಿತು. ನಿಮ್ಮ ತಾಯಿ ಮಾತ್ರ ಎದ್ದು ನಿಂತು, "ಮೇಷ್ಟ್ರೇ, ನಮಗೇನೋ ನೀವು ಹೇಳಿದ್ರಿ. ಸತ್ತೋರಿಗೆ ಯಾರು ಹೇಳ್ತಾರೆ?" ಎಂದರು. ಜನ ಗೊಳ್ಳೆಂದು ನಕ್ಕರು, ಮೇಷ್ಟ್ರೂ ನಕ್ಕರು. ಅತ್ತೆ ನಗಲಿಲ್ಲ. ಬೊಂಬಾಯಿಯಲ್ಲಿ ರೈಲಿನ ಗಡಿಯಾರಕ್ಕೊಂದು ಹೊತ್ತು, ಊರಿನ ಗಡಿಯಾರಕ್ಕೊಂದು ಹೊತ್ತು, ಗಿರಾಕಿ ಯಾವುದನ್ನು ನೋಡಿ ಬಂದರೂ ಚಹಾ ಆರಿರುತ್ತದೆ ಎಂದು ನೀವು ಬರೆದಾಗ ನಾನು ನಕ್ಕಿದ್ದೆ. ಈಗ ನಮ್ಮ ಮನೆಯೇ ಹಾಗಾಗಿದೆ.

ಹೊಸ ಲೆಕ್ಕದ ಪ್ರಕಾರ ಈ ವಸಂತದಲ್ಲಿ ಹಿರಿಯರನ್ನು ಕರೆದೆವು. ತಿಂಗಳಿಗೆ ಮೂವತ್ತು ದಿನದಂತೆ ಹನ್ನೆರಡು ತಿಂಗಳು ಕಳೆದು, ಯಾವ ತಿಂಗಳಿಗೂ ಸೇರದೆ ಉಳಿಯುವ ಆ ಐದು ದಿನ. ನಾನು ಒಂದನ್ನೂ ಬಿಡಲಿಲ್ಲ. ದೊಡ್ಡ ಪಡಸಾಲೆ ಗುಡಿಸಿ, ದೀಪ ಇಟ್ಟು, ಬಟ್ಟಲಲ್ಲಿ ನೀರು ತುಂಬಿ ಹಸಿರು ರೆಂಬೆ ಹಾಕಿ, ಎಣ್ಣೆ ರೊಟ್ಟಿ ಕರಿದು, ಒಣಹಣ್ಣು ಇಟ್ಟೆ. ನಮ್ಮ ಪರೀನ್‌ಗೆ ಅವಳ ಬಟ್ಟೆಬೊಂಬೆ ಇಟ್ಟೆ. ಮಗಳು ತೀರಿಹೋದ ಮೇಲೆ ಒಂದು ವರ್ಷವೂ ಬಾರದೆ ನನ್ನನ್ನು ಬರಿಗೈಯಲ್ಲಿ ಕೂರಿಸಿಲ್ಲ, ನಿಮಗೇ ಗೊತ್ತು. ಆ ಐದು ದಿನ ಮನೆ ಬಾಡಿಗೆಗೆ ಬಿಟ್ಟ ಮನೆಯ ಹಾಗಿತ್ತು. ರೊಟ್ಟಿ ಗಟ್ಟಿಯಾಯಿತು. ನಿಮ್ಮ ಹಳದಿ ನಾಯಿ ಜರ್ದು ಹೊಸ್ತಿಲಿಗೆ ಬೆನ್ನು ಹಾಕಿ ಐದೂ ದಿನ ನಿದ್ದೆ ಹೊಡೆಯಿತು. ಕೊನೆಯ ಬೆಳಗ್ಗೆ ಮಾಳಿಗೆಯ ಮೇಲೆ ಬೀಳ್ಕೊಡುವ ಬೆಂಕಿ ಹಚ್ಚುವಾಗ, ಬಾರದವರನ್ನು ಕಳಿಸುವುದು ಹೇಗೆಂದು ನನಗೆ ನಾಚಿಕೆಯಾಯಿತು.

ಈಗ ಹಳೆಯ ಲೆಕ್ಕದ ಐದು ದಿನ ಬಂದವು. ಮೆಹರ್ಬಾನ್ ಮೊದಲೇ ಗುಡುಗಿದ್ದ. "ಅಮ್ಮಾ, ವರ್ಷಕ್ಕೆ ಎರಡೆರಡು ಸಲ ಹಿರಿಯರನ್ನ ಕರೆದ್ರೆ ಅವರಿಗೂ ಬೇಜಾರಾಗುತ್ತೆ. ಊರೆಲ್ಲ ನಗೋ ಹಾಗೆ ಮಾಡ್ಬೇಡ." ಅತ್ತೆ, "ನೀನು ನಗೋರ ಜೊತೆ ಹೋಗಿ ಕೂತ್ಕೋ ಹೋಗಪ್ಪಾ" ಎಂದು ಪೊರಕೆ ಎತ್ತಿಕೊಂಡರು. ನಾನೂ ಕೈಜೋಡಿಸಿದೆ. ನಂಬಿಕೆಯಿಂದಲ್ಲ, ಪರೀನ್ ಬಂದಾಳೆಂಬ ಆಸೆಗೆ.

ಎರಡನೆಯ ದಿನ, ಸುಡುಬಿಸಿಲಿನ ಹೊತ್ತು. ನೆರಳಲ್ಲಿ ಮಲಗಿದ್ದ ಜರ್ದು ಎದ್ದು ಪಡಸಾಲೆಯ ಹೊಸ್ತಿಲ ಬಳಿ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಮತ್ತೆ ಬಂದು ನಿಂತಿತು, ಮತ್ತೆ ದಾರಿ ಬಿಟ್ಟಿತು. ಅಲ್ಲಿ ಯಾರೂ ಇರಲಿಲ್ಲ. ಒಮ್ಮೆ ಬಾಲ ಮುದುರಿ ತಲೆ ತಗ್ಗಿಸಿತು, ಅತ್ತೆ ಮೆಲ್ಲಗೆ, "ನಿನ್ನ ಮಾವ. ಸಾಯೋವರೆಗೂ ಇದಕ್ಕೆ ಕೋಲಲ್ಲಿ ಹೊಡೀತಿದ್ರು" ಎಂದರು. ಆಮೇಲೆ ಜರ್ದು ನೆಲಕ್ಕೆ ಚಪ್ಪಟೆಯಾಗಿ ಮಲಗಿ, ಕಣ್ಣು ಅರೆಮುಚ್ಚಿ ಕಿವಿಯನ್ನು ಒಡ್ಡಿತು. ಆ ಕಿವಿಯನ್ನು ಹಿಡಿದೆಳೆಯುತ್ತಿದ್ದವಳು ಒಬ್ಬಳೇ ಅಲ್ಲವೇ? ಕಿವಿಯ ತುದಿ ಅಲ್ಲಾಡುತ್ತಿತ್ತು. ನನಗೆ ಭಯವಾಗಲಿಲ್ಲ. ಅವಳು ದಾರಿ ತಪ್ಪಿರಲಿಲ್ಲ, ಬೇರೆ ದಿನಕ್ಕೆ ಕಾಯುತ್ತಿದ್ದಳು ಅಷ್ಟೆ ಎಂದು ಹೊಟ್ಟೆ ತಂಪಾಯಿತು. ಬೊಂಬೆಯನ್ನು ಇನ್ನಷ್ಟು ಹತ್ತಿರ ಸರಿಸಿಟ್ಟು ಸಂಜೆಯವರೆಗೂ ಅಲ್ಲೇ ಕೂತಿದ್ದೆ.

ಭಯವಾದದ್ದು ನಿನ್ನೆ. ನಾನೂ ಅತ್ತೆಯೂ ಹೋದ ವರ್ಷದ ದಾಳಿಂಬೆ ಸಿಪ್ಪೆಯನ್ನು ಬಿಸಿಲಿಗೆ ಹಾಕುತ್ತಿದ್ದೆವು. ಜರ್ದು ಇದ್ದಕ್ಕಿದ್ದಂತೆ ಬೀದಿಬಾಗಿಲಿಗೆ ಓಡಿತು. ಮುಂಗಾಲೆತ್ತಿ ನೆಗೆಯಿತು, ಕುಂಯ್‌ಗುಟ್ಟಿತು, ಸುತ್ತು ಹೊಡೆಯಿತು, ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಈ ನಾಯಿ ಊರಲ್ಲಿ ಯಾರಿಗೂ ಹಾಗೆ ಮಾಡುವುದಿಲ್ಲ. ಒಬ್ಬರಿಗೆ ಮಾತ್ರ ಮಾಡುತ್ತಿತ್ತು. ಆಮೇಲೆ ಯಾರನ್ನೋ ಕರೆದುಕೊಂಡು ಬರುವಂತೆ ಹಿಂದೆ ಹಿಂದೆ ನೋಡುತ್ತಾ ಪಡಸಾಲೆಗೆ ಬಂತು. ಏನಾದರೂ ಬೈಯುತ್ತಾರೆ, ನಾಯಿಗೆ ಹುಚ್ಚು ಅನ್ನುತ್ತಾರೆ ಎಂದು ಅತ್ತೆಯ ಮುಖ ನೋಡಿದೆ. ಅವರು ಒಳಗೆ ಹೋಗಿ ಇನ್ನೊಂದು ಬಟ್ಟಲು ತೊಳೆದು ತಂದು, ನೀರು ತುಂಬಿ, ಮಾವನ ಬಟ್ಟಲ ಪಕ್ಕದಲ್ಲಿ ಇಟ್ಟರು. ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಮಾಳಿಗೆ ಹತ್ತಿದರು.

ರಾತ್ರಿಯೆಲ್ಲ ನಾನು ಲೆಕ್ಕ ಹಾಕಿದೆ. ನಮ್ಮದೇ ಮತದ ಬೊಂಬಾಯಿಯ ಪಾರ್ಸಿಗಳ ಹೊಸವರ್ಷ ನಮಗಿಂತ ಒಂದು ತಿಂಗಳು ತಡ, ನೀವೇ ಹೇಳಿದ್ದಿರಿ. ಅಲ್ಲಿ ಏನಾದರೂ ಆಗಿದ್ದರೆ ಅಲ್ಲಿಯ ಪಂಚಾಂಗಕ್ಕೇ ಬರಬೇಕು, ಈಗ ಬರುವುದಕ್ಕೆ ಆಗುವುದಿಲ್ಲ. ಹಾಗಾದರೆ ಬಂದವರು ನೀವಲ್ಲ. ಈ ಲೆಕ್ಕ ಹಿಡಿದುಕೊಂಡು ಬೆಳಿಗ್ಗೆ ಅತ್ತೆಯ ಹತ್ತಿರ ಓಡಿದೆ. ಅವರು ನನ್ನ ತಲೆ ಸವರಿ, "ಹುಟ್ಟಿದ ಮನೆ ಲೆಕ್ಕಕ್ಕೆ ಬರ್ತಾರೆ ಕಣೇ, ದುಡಿಯೋಕೆ ಹೋದ ಊರಿನ ಲೆಕ್ಕಕ್ಕಲ್ಲ" ಎಂದರು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಈಗಲೂ ಇದೆ. ಹೆತ್ತ ತಾಯಿ ಮಗನನ್ನು ಅಷ್ಟು ಬೇಗ ಬಟ್ಟಲ ಸಾಲಿಗೆ ಸೇರಿಸಬಾರದು.

ಪಡಸಾಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಜರ್ದು ನನ್ನೆದುರಿನ ಖಾಲಿ ಚಾಪೆಯ ಮೇಲೆ ಗದ್ದವಿಟ್ಟು ಮಲಗಿದೆ, ಬಾಲ ಮೆಲ್ಲಗೆ ನೆಲಕ್ಕೆ ಬಡಿಯುತ್ತಿದೆ. ನೀವು ಅಲ್ಲಿ ಹಾಯಾಗಿದ್ದು ಇದನ್ನು ಓದಿ, ಗೋಹರ್‌ಗೆ ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಅಂಗಡಿಯವರಿಗೆಲ್ಲ ಹೇಳಿ ನಗಬೇಕು. ದಯವಿಟ್ಟು ನಗಿ. ಮೆಹರ್ಬಾನನ ನಮಸ್ಕಾರ, ನಿಮ್ಮ ತಾಯಿಯ ಆಶೀರ್ವಾದ. ಆಶೀರ್ವಾದ ಹೇಳು ಎಂದು ಅವರು ಹೇಳಲಿಲ್ಲ, ನಾನೇ ಬರೆದಿದ್ದೇನೆ. ಒಲೆಯೂ ದೀಪವೂ ನಿಮ್ಮನ್ನು ಕಾಯಲಿ.

ನಿಮ್ಮ
ಗೋಹರ್

ಮರೆತಿದ್ದೆ, ಯಜ್ದ್‌ಗೆ ಹೋಗುವ ಲಾರಿ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ನಾಳೆ ಬೆಳಗಿನ ಜಾವ ಮಾಳಿಗೆಯ ಮೇಲೆ ಬೆಂಕಿ ಹಚ್ಚಿ ಬಂದವರನ್ನೆಲ್ಲ ಕಳಿಸಬೇಕು. ಕಳಿಸದೆ ಇಟ್ಟುಕೊಂಡರೆ ಅವರಿಗೇ ಸಂಕಟ ಎಂದು ಅತ್ತೆ ಅಳುತ್ತಾ ಕಟ್ಟಿಗೆ ಕೇಳುತ್ತಿದ್ದಾರೆ. ಕಟ್ಟಿಗೆಯನ್ನೆಲ್ಲ ನಾನು ಪಕ್ಕದ ಮನೆಯ ರೊಟ್ಟಿ ಒಲೆಗೆ ಕೊಟ್ಟುಬಿಟ್ಟೆ. ಪರೀನ್ ಅಪ್ಪನ ಜೊತೆ ಇರಲಿ. ಮೇಷ್ಟ್ರು ಹೇಳಿದ್ದೇ ಸರಿ, ಮೆಹರ್ಬಾನ್ ಹೇಳಿದ್ದೇ ಸರಿ. ಹೊಸ ಲೆಕ್ಕಕ್ಕೆ ನಾಳೆ ಬರೀ ಒಂದು ಸೋಮವಾರ, ಯಾರನ್ನೂ ಕಳಿಸುವ ದಿನವಲ್ಲ. ಬೊಂಬಾಯಿಯಲ್ಲಿದ್ದರೆ ಒಂದು ಸಾಲು ಬರೆದು ಹಾಕಿ. ಇಲ್ಲೇ ಇದ್ದರೆ ಹೋಗಬೇಡಿ.