ಜೀಪಿನ ಟಾಪು ಕೊಡಲಿಲ್ಲ, ಅಣ್ಣಯ್ಯ

ಅಣ್ಣಯ್ಯ,

ನೀನು ಹೇಳಿದ್ದು ತಪ್ಪು. ಬೇರೆ ಸುದ್ದಿ ಆಮೇಲೆ, ಮೊದಲು ಇದನ್ನು ಕೇಳಿಸಿಕೋ. ಗಾಡಿಯ ಆಂಟೆನಾ ಮನೆಗೆ ಆಗುತ್ತದೆ. ಆಗುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೆ ನೀನು? ಅಷ್ಟನ್ನೂ ವಾಪಸು ತಗೋ. ಬದುಕಿದ್ದಾಗ ಒಂದು ದಿನವೂ ಸೋಲೊಪ್ಪದವನು. ಈಗ ಎದುರು ವಾದ ಮಾಡಲಿಕ್ಕಾಗದ ಜಾಗದಲ್ಲಿದ್ದೀಯ, ಹಾಗಾಗಿ ನಾನು ಬರೆದದ್ದನ್ನು ಪೂರ್ತಿ ಓದಲೇಬೇಕು.

ನೀನು ಜೀಪಿಗೆ ರೇಡಿಯೋ ಕೂರಿಸಿದ ದಿನ ನೆನಪಿದೆಯಾ? ಬಸರೀಕಟ್ಟೆ ದಾಟಿ ಎಸ್ಟೇಟ್ ರಸ್ತೆ ಹಿಡಿದರೆ ಎರಡನೇ ತಿರುವಿಗೆ ಮೊಬೈಲು ಬರೀ ಗಡಿಯಾರ. ಆಳುಗಳನ್ನು ತುಂಬಿಕೊಂಡು ಓಡಾಡುವ ಆರು ಜೀಪುಗಳಿಗೂ ಒಂದೊಂದು ಸೆಟ್ಟು ಹಾಕೋಣ ಅಂತ ಡ್ರೈವರುಗಳನ್ನೆಲ್ಲ ಒಪ್ಪಿಸಿದವನು ನೀನೇ. ಸಣ್ಣ ಸೆಟ್ಟು, ಲೈಸೆನ್ಸಿನ ರಗಳೆ ಇಲ್ಲ ಅಂತ ಅವರಿಗೆ ಪಾಠ ಮಾಡಿದೆ. ಕೆಳಗೆ ಅಯಸ್ಕಾಂತದ ಬಿಲ್ಲೆ ಇರುವ ಆಂಟೆನಾವನ್ನು ಜೀಪಿನ ಕಬ್ಬಿಣದ ಟಾಪಿನ ನಟ್ಟನಡುವೆ ಟಪ್ಪಂತ ಕೂರಿಸಿದೆ. ನಾನು ಅಂಗಳದಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದೆ. ನೀನು ಟಾಪಿಗೆ ಎರಡು ಸಲ ಬಡಿದು ಏನೋ ಹೇಳಿದೆ. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಅವತ್ತೇ ನಾನು ಕೇಳಿದ್ದೆ, ಮನೆಗೂ ಒಂದು ಹಾಕು ಅಂತ. ನಮ್ಮ ಮನೆ ಇರುವುದು ಗುಡ್ಡದ ಏಣಿನ ಮೇಲೆ, ರಸ್ತೆಯ ಎರಡೂ ಮಗ್ಗುಲು ಕಾಣುತ್ತದೆ. ನಾನು ಹೇಗೂ ದಿನವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂತಿರುತ್ತೇನೆ, ಕಿವಿ ಖಾಲಿಯೇ ಇರುತ್ತದೆ ಅಂದೆ. ನೀನು ನಕ್ಕೆ. "ಇದು ಗಾಡಿ ಆಂಟೆನಾ ಮಾರಾಯ್ತಿ. ಮನೆಗೆ ಆಗಲ್ಲ. ಮನೆಗೆ ಬೇಕಂದ್ರೆ ಅದಕ್ಕೇ ಬೇರೆ ದೊಡ್ಡದು ಬರ್ತದೆ," ಅಂದೆ. ಆ ದೊಡ್ಡದು ಯಾವತ್ತಾದರೂ ಬಂತಾ? ಈಗ ಕೇಳುತ್ತೇನೆ, ನಿಜ ಹೇಳು. ಬೇಡ ಅಂದಿದ್ದು ಆಂಟೆನಾದ ಕಾರಣಕ್ಕೋ, ಅಥವಾ ಆರು ಜನ ಡ್ರೈವರುಗಳ ನಡುವೆ ನಿನ್ನ ತಂಗಿಯ ದನಿ ಕೇಳಬಾರದು ಅಂತಲೋ? ಗಂಡನ ಮನೆಯಿಂದ ಮಿಷನ್ನು ಹೊತ್ತುಕೊಂಡು ವಾಪಸು ಬಂದವಳು ನಾನು. ಊರವರ ಬಾಯಿಗೆ ನಾನು ಹೆದರಲಿಲ್ಲ. ನೀನು ಹೆದರಿದೆಯಾ ಅಣ್ಣಯ್ಯ?

ಶಿವರಾತ್ರಿ ಕಳೆದ ವಾರದ ಆ ಮಧ್ಯಾಹ್ನ, ನೇರಳೆ ಮರದ ತಿರುವಿನಲ್ಲಿ ನಿನಗೆ ಎದೆ ಹಿಡಿಯಿತು. ಅಂಥ ಹೊತ್ತಿನಲ್ಲೂ ಜೀಪು ಸರಿಯಾಗಿ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಮೈಕು ಕೈಗೆ ತಗೊಂಡು ಕರೆದಿದ್ದೆ. ಊಟದ ಹೊತ್ತು. ಐದು ಜೀಪುಗಳೂ ನಿಂತಿದ್ದವು. ಕೀಲಿ ತೆಗೆದರೆ ಜೀಪಿನ ಜೊತೆ ಸೆಟ್ಟೂ ಆರಿಹೋಗುವ ಹಾಗೆ ವೈರು ಕೊಟ್ಟವನು ನೀನೇ, ಬ್ಯಾಟರಿ ಇಳಿಯಬಾರದು ಅಂತ. ಊಟ ಮುಗಿಸಿ ಜೀಪು ಹೊರಡಿಸಿದ ರಮೇಶ ನಿನ್ನನ್ನು ನೋಡುವಾಗ ಮೈಕು ಕೆಳಗೆ ಜೋತಾಡುತ್ತಿತ್ತಂತೆ. ಕೊಪ್ಪದ ಆಸ್ಪತ್ರೆಯಲ್ಲಿ ನೀನು ಅವನಿಗೆ ಹೇಳಿದ್ದು ಒಂದೇ ಮಾತು. "ಯಾರಿದ್ದೀರಿ ಅಂತ ಕೇಳ್ದೆ ಮಾರಾಯ. ಯಾರೂ ಇರ್ಲಿಲ್ಲ."

ನಾನಿದ್ದೆ. ನೀನು ಕರೆಯುವ ಹೊತ್ತಿಗೆ ಆ ತಿರುವಿಗೆ ನೇರ ಎದುರಿನ ಮನೆಯಲ್ಲಿ ಕೂತು, ಯಾರದೋ ರವಿಕೆಗೆ ಹುಕ್ಸು ಹಾಕುತ್ತಿದ್ದೆ. ಮನೆಯಲ್ಲಿ ಒಂದು ಸೆಟ್ಟು ಇದ್ದಿದ್ದರೆ... ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರಾ? ಈ ಸಿಟ್ಟು ನಿನ್ನ ಮೇಲೆ ಇನ್ನೂ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ.

ನಿನ್ನ ವೈಕುಂಠ ಸಮಾರಾಧನೆ ಮುಗಿದು ಎಲೆ ತೆಗೆಯುವ ಮೊದಲೇ ಡ್ರೈವರುಗಳೆಲ್ಲ ಚಪ್ಪರದಡಿ ಕೂತು ತೀರ್ಮಾನಕ್ಕೆ ಬಂದಿದ್ದರು. ಸೆಟ್ಟುಗಳನ್ನು ಬಿಚ್ಚಿಬಿಡುವುದು ಅಂತ. ತಂದವನು ಕರೆದಾಗಲೇ ಯಾರಿಗೂ ಕೇಳಲಿಲ್ಲ, ಇನ್ನು ಯಾರಿಗೆ ಬೇಕು ಇದು ಅಂದವನು ರಮೇಶ. ಅವನ ಮೇಲೆ ಸಿಟ್ಟು ಮಾಡಬೇಡ. ಅವತ್ತು ಉಣ್ಣುತ್ತಾ ಕೂತಿದ್ದೆನಲ್ಲ ಅನ್ನುವ ಸಂಕಟ ಅವನಿಗೆ, ಸೆಟ್ಟು ಕಂಡರೆ ಮುಖ ತಿರುಗಿಸುತ್ತಿದ್ದ. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಹೋಗಿ ನಿಂತೆ. ಅಣ್ಣಯ್ಯನ ಸೆಟ್ಟು ಮನೆಯಲ್ಲಿ ಹಾಕುತ್ತೇನೆ, ಜೀಪು ನಿಂತರೂ ಅದು ನಿಲ್ಲುವುದಿಲ್ಲ, ನಾನು ಕೇಳಿಸಿಕೊಳ್ಳುತ್ತೇನೆ ಅಂದೆ. ಒಬ್ಬ ಕೆಮ್ಮಿದ, ಇನ್ನೊಬ್ಬ ಆಕಾಶ ನೋಡಿದ. ಕೊನೆಗೆ ಆರಿದ್ರಾ ಮಳೆ ಹಿಡಿಯುವವರೆಗೆ ನೋಡುವುದು, ಆಗದಿದ್ದರೆ ಬಿಚ್ಚುವುದು ಅಂತಾಯಿತು.

ನಾನು ಮಾಡಿದ ಮೊದಲ ಕೆಲಸ ಕೇಳಿದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀಯ. ನಾವು ಸಣ್ಣವರಿದ್ದಾಗ ಟೀವಿ ಆಂಟೆನಾ ಕಟ್ಟಿದ್ದು ನೆನಪು ಮಾಡಿಕೋ. ಬಿದಿರಿನ ಗಳ ಸಾಲದೆ ಅದಕ್ಕೆ ಇನ್ನೊಂದು ಬಿದಿರು ಸೇರಿಸಿ, ನೀನು ಮಾಡಿನ ಮೇಲೆ ನಿಂತು ತಿರುಗಿಸುವುದು, ನಾನು ಒಳಗಿಂದ ಬಂತು, ಹೋಯ್ತು ಅಂತ ಕೂಗುವುದು. ಎತ್ತರ ಹೋದಷ್ಟೂ ಚಿತ್ರ ಚೆಂದ ಅಂತ ನಮ್ಮ ಕಡೆಯ ಒಬ್ಬೊಬ್ಬನ ತಲೆಯಲ್ಲೂ ಕೂತಿದೆ. ನನ್ನ ತಲೆಯಲ್ಲೂ ಅದೇ. ಉದ್ದದ ಅಡಿಕೆ ಮರದ ಕಂಬ ಹೂಳಿಸಿ, ತುದಿಗೆ ನಿನ್ನ ಜೀಪಿನ ಆಂಟೆನಾವನ್ನು ಸುತಳಿ ದಾರದಲ್ಲಿ ಕಟ್ಟಿಸಿದೆ. ಅದರ ವೈರು ಮೋಟು, ಕೆಳಗೆ ಮುಟ್ಟಲಿಕ್ಕೆ ಜೋಡಣೆ ವೈರು ತರಿಸಿದೆ. ಬಾವುಟ ಏರಿಸಿದಷ್ಟು ಸಂಭ್ರಮ ನನಗೆ.

ಮೈಕು ಒತ್ತಿದರೆ ಸೆಟ್ಟಿಗೆ ನೀನು ಸಿಕ್ಕಿಸಿದ್ದ ಮೀಟರಿನ ಮುಳ್ಳು ಬಲಗಡೆ ಹೋಗಿ ಬಡಿದು ಅಲ್ಲೇ ನಿಂತಿತು. ಮುಳ್ಳು ಎಡಗಡೆ ಇದ್ದರೆ ಮಾತು ಹೊರಗೆ ಹೋಗುತ್ತದೆ, ಬಲಕ್ಕೆ ಹೋದರೆ ತಿರುಗಿ ಸೆಟ್ಟಿಗೇ ಬಂದು ಅದನ್ನೇ ಸುಡುತ್ತದೆ ಅಂತ ನೀನು ಹೇಳಿದ್ದು ಗೊತ್ತಿತ್ತು. ಆದರೂ ಹಟ. ಒತ್ತಿದೆ, ಮತ್ತೆ ಒತ್ತಿದೆ. ಸೆಟ್ಟು ದೋಸೆ ಕಾವಲಿಯ ಹಾಗೆ ಬಿಸಿಯಾಯಿತು. ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ರಮೇಶನಿಗೆ ಬರೀ ಗುಂಯ್ ಅಂದದ್ದು ಕೇಳಿತಂತೆ. ಎರಡು ವಾರ ಕಂಬ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕೀಳಿಸಿ ನೆಡಿಸಿದೆ. ಬ್ಲೌಸು ಕೊಡಲಿಕ್ಕೆ ಬಂದವರೂ ಕಂಬ ನೋಡಿ ನಕ್ಕು ಹೋಗುತ್ತಿದ್ದರು. ಅತ್ತಿಗೆ ಮಾತ್ರ ನಗಲಿಲ್ಲ. ಅವಳು ಆ ಸೆಟ್ಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಬಟ್ಟೆ ಹರವುತ್ತಾ, "ಬಿಡು ಸುಮಿ. ಅವ್ರಿಗೇ ಆಗ್ಲಿಲ್ಲ, ನಿಂಗೆ ಆಗ್ತದಾ," ಅಂದಳು. ನನಗೆ ಉರಿಯಿತು.

ನಿನ್ನ ಜೀಪು ಮಾರಿದ ದಿನದ ಕತೆ ಹೇಳುತ್ತೇನೆ. ಓಡಿಸುವವರಿಲ್ಲದೆ ನಿಂತರೆ ಇಲಿ ವೈರು ಕಡಿಯುತ್ತದೆ ಅಂತ ಅತ್ತಿಗೆಯೇ ಮನಸ್ಸು ಮಾಡಿದಳು. ಎನ್.ಆರ್.ಪುರದ ಕಡೆ ಸೀತೂರಿನವರು ಬಂದರು, ಗದ್ದೆ ಕೆಲಸಕ್ಕೆ ಬೇಕಂತೆ. ಅವರಿಗೆ ತೋರಿಸಲಿಕ್ಕೆ ಅಂತ ನಾನು ಜೀಪು ಒರೆಸುತ್ತಿದ್ದೆ. ಏಣಿ ಇಟ್ಟು ಟಾಪು ಒರೆಸುವಾಗ ನಟ್ಟನಡುವೆ ಒಂದು ಬಿಲ್ಲೆಯಷ್ಟಗಲ ಜಾಗ ಕಂಡಿತು. ಸುತ್ತ ಬಣ್ಣವೆಲ್ಲ ಬಿಸಿಲಿಗೆ ಮಾಸಿದೆ, ಆಂಟೆನಾ ಕೂತಿದ್ದ ಅಷ್ಟು ಜಾಗ ಮಾತ್ರ ಹಸಿರೋ ಹಸಿರು, ಹೊಸದರ ಹಾಗೆ. ಅದರ ಮೇಲೆ ಕೈ ಇಟ್ಟೆ. ಅವತ್ತು ನೀನು ಟಾಪಿಗೆ ಬಡಿದು ಹೇಳಿದ್ದು ಆಗ ಕಿವಿಗೆ ಬಂತು. "ಮೇಲಿನ ಕಡ್ಡಿ ಅರ್ಧ ಆಂಟೆನಾ ಮಾತ್ರ ಸುಮಿ. ಇನ್ನರ್ಧ ಈ ತಗಡು."

ಅಡಿಕೆ ಕಂಬದ ತುದಿಯಲ್ಲಿ ನಾನು ಅರ್ಧ ಆಂಟೆನಾ ಕಟ್ಟಿ ಕೂತಿದ್ದೆ ಅಣ್ಣಯ್ಯ. ಉತ್ತರವನ್ನು ನೀನೇ ನನ್ನ ಮುಂದೆ ಬಡಿದು ತೋರಿಸಿ, ನೀನೇ ಆಗುವುದಿಲ್ಲ ಅಂದಿದ್ದೆ. ನಿನಗಾದರೂ ಹೊಳೆಯಬಾರದಿತ್ತಾ?

ಏಣಿಯಿಂದ ಇಳಿದವಳೇ, ಟಾಪು ಕೊಡುವುದಿಲ್ಲ ಅಂದೆ. ಸೀತೂರಿನವರು ತಮಾಷೆ ಅಂದುಕೊಂಡರು. ತಲೆ ಇಲ್ಲದ ಜೀಪು ಎಂತಕ್ಕೆ ಅಂತ ಕೇಳಿದರು. ಟರ್ಪಾಲು ಹಾಕಿಕೊಳ್ಳಿ ಅಂದೆ. ಅವರು ನನ್ನನ್ನು ಬಿಟ್ಟು ಅತ್ತಿಗೆಯ ಮುಖ ನೋಡಿದರು, ಮನೆಯ ಯಜಮಾನಿ ಅವಳಲ್ಲವಾ. ಎಲ್ಲ ಮುಗಿಯಿತು ಅಂದುಕೊಂಡೆ. ಅತ್ತಿಗೆ ಏಣಿ ಹತ್ತಿದಳು. ಆ ಹಸಿರು ಗುರುತನ್ನು ಸುಮಾರು ಹೊತ್ತು ನೋಡಿದಳು. ಇಳಿದು ಬಂದು, "ಟಾಪು ಕೊಡೋದಿಲ್ಲ. ಬ್ಯಾಟ್ರಿನೂ ಬಿಚ್ಚಿಟ್ಟು ಹೋಗಿ," ಅಂದಳು. ಅಲ್ಲಿಯವರೆಗೆ ಸೆಟ್ಟು ನಡೆದದ್ದೇ ಆ ಬ್ಯಾಟರಿಯಿಂದ, ನನಗೆ ಅದು ನೆನಪೇ ಆಗಿರಲಿಲ್ಲ ನೋಡು.

ಮನೆ ಪಕ್ಕದ ದಿಬ್ಬದ ಮೇಲೆ ಸೌದೆ ಕೊಟ್ಟಿಗೆ ಇದೆಯಲ್ಲ, ಅದರ ಸೋಗೆ ತೆಗೆಸಿ ನಿನ್ನ ಜೀಪಿನ ಟಾಪನ್ನೇ ಮಾಡಿಗೆ ಹೊದಿಸಿದೆ. ಆ ಹಸಿರು ಗುರುತಿನ ಮೇಲೆಯೇ ಆಂಟೆನಾ ಇಟ್ಟೆ. ಟಪ್ಪಂತ ಕೂತಿತು. ಮೋಟು ವೈರು ಸರಿಯಾಗಿ ಕೆಳಗಿನ ಮೇಜಿಗೆ ಮುಟ್ಟಿತು, ಜೋಡಣೆಯೂ ಬೇಡವಾಯಿತು. ನೆಲದಿಂದ ಒಂದಾಳೆತ್ತರ ಇದ್ದರೆ ಹೆಚ್ಚು. ಆ ಎತ್ತರದ ಕಂಬದಲ್ಲಿ ಆಗದ್ದು ಈ ಕುಳ್ಳ ಕೊಟ್ಟಿಗೆಯಲ್ಲಿ ಆಗುತ್ತದಾ ಅಂತ ಎಲ್ಲರೂ ಕೇಳಿದರು. ಮೈಕು ಒತ್ತಿದೆ. ಮುಳ್ಳು ಎಡಗಡೆಯಿಂದ ಕದಲಲಿಲ್ಲ, ಜೀಪಿನಲ್ಲಿ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ. ರಮೇಶ ತಿರುವಿನಿಂದ, "ಅಕ್ಕ, ಪಕ್ಕದಲ್ಲಿ ಕೂತು ಮಾತಾಡ್ದಂಗೆ ಕೇಳ್ತದೆ," ಅಂದ. ಅಳುತ್ತಿದ್ದ ಅಂತ ಕಾಣುತ್ತದೆ, ನಾನು ಕೇಳಲಿಲ್ಲ.

ಮಿಷನ್ನನ್ನೂ ಕೊಟ್ಟಿಗೆಗೆ ಸಾಗಿಸಿದ್ದೇನೆ. ನಿನ್ನ ಜೀಪಿನ ಟಾಪಿನಡಿ ಕೂತು ಬ್ಲೌಸು ಹೊಲಿಯುತ್ತೇನೆ. ಹರಿಹರಪುರದ ಕಡೆ ಹೋದ ಜೀಪು ಕೇಳುವುದಿಲ್ಲ. ಅಷ್ಟರಮಟ್ಟಿಗೆ ನಿನ್ನ ಮಾತು ನಿಜ, ದೊಡ್ಡ ಆಂಟೆನಾದ ಕೆಲಸ ಇದಲ್ಲ. ನಮ್ಮ ರಸ್ತೆಗೆ ಇದು ಸಾಕು. ಹೆಂಗಸು ಮೈಕಿನಲ್ಲಿ ಕೂಗುವುದು ಚೆಂದವಾ ಅಂತ ಕೇಳಿದವರೂ ಇದ್ದಾರೆ. ಚೆಂದ ಕಾಣಲಿಕ್ಕೆ ಅಂತ ಕೂಗುವುದಲ್ಲ ಅಂದೆ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಆರಿದ್ರಾ ಹಿಡಿದು ನಾಲ್ಕನೇ ದಿನ ನಾನು ನೂಲು ತರಲಿಕ್ಕೆ ಬಸರೀಕಟ್ಟೆಗೆ ಹೋಗಿದ್ದೆ. ಸೆಟ್ಟು ಹಾಕಿಯೇ ಹೋಗಿದ್ದೆ, ಕೇಳುವವರು ಯಾರೂ ಇಲ್ಲ ಅಂತ ಗೊತ್ತಿದ್ದೂ, ಆರಿಸಲಿಕ್ಕೆ ಮನಸ್ಸು ಬರಲಿಲ್ಲ. ಬರುವಾಗ ಪ್ರಕಾಶನ ಜೀಪು ಸಿಕ್ಕಿತು. ಹಿಂದೆ ಎಸ್ಟೇಟಿನ ಆಳುಗಳು, ಮುಂದೆ ನಾನು, ಮಡಿಲಲ್ಲಿ ನೂಲಿನ ಚೀಲ. ಮಧ್ಯಾಹ್ನದ ಊಟದ ಹೊತ್ತು. ನೇರಳೆ ಮರದ ತಿರುವು ಇನ್ನೇನು ಬಂತು ಅನ್ನುವಾಗ ಜೀಪಿನ ಸೆಟ್ಟು ಗರಗರ ಅಂತು. ಒಂದು ಹೆಂಗಸಿನ ದನಿ. ನನ್ನ ದನಿ ಅಲ್ಲವಲ್ಲ, ನಾನು ಇಲ್ಲಿದ್ದೇನಲ್ಲ...

"ಪ್ರಕಾಶ, ಅಲ್ಲೇ ನಿಲ್ಸು. ತಿರುವಿನ ಮೇಲೆ ದರೆ ಜಾರ್ತಾ ಉಂಟಂತೆ. ರಮೇಶ ಆಚೆ ಬದಿಯಿಂದ ಕೂಗ್ತಾ ಇದ್ದಾನೆ, ನಿಂಗೆ ಕೇಳ್ತಿಲ್ಲ. ಬರಬೇಡ."

ಪ್ರಕಾಶ ನಿಲ್ಲಿಸಿದ. ನಡುವೆ ಗುಡ್ಡ ಇದ್ದದ್ದರಿಂದ ರಮೇಶನ ದನಿ ನಮಗೆ ಮುಟ್ಟುತ್ತಿರಲಿಲ್ಲ. ಏಣಿನ ಮೇಲಿನ ಮನೆಗೆ ಮುಟ್ಟುತ್ತಿತ್ತು. ನಾವು ಇಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ದರೆ ಮರದ ಸಮೇತ ರಸ್ತೆಗೆ ಬಂದು ಕೂತಿತು. ನೀನು ಜೀಪು ನಿಲ್ಲಿಸಿದ್ದ ಜಾಗ ಈಗ ಮಣ್ಣಿನಡಿ ಇದೆ. ನನ್ನ ನೂಲಿನ ಚೀಲ ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ.

ಆಮೇಲೆ ರಮೇಶ ಹೇಳಿದ. ಅವನು ಯಾರಿದ್ದೀರಿ, ಯಾರಿದ್ದೀರಿ ಅಂತ ಕರೆಯುತ್ತಲೇ ಇದ್ದನಂತೆ. ನಿನ್ನ ಹಾಗೆಯೇ, ಅದೇ ಹೊತ್ತಿಗೆ, ಅದೇ ಜಾಗದಿಂದ. ಕೊಟ್ಟಿಗೆಯ ಸೆಟ್ಟಿನಲ್ಲಿ ಅದು ಕೇಳಿ ಅತ್ತಿಗೆ ಅಡುಗೆಮನೆಯಿಂದ ಮಳೆಯಲ್ಲೇ ದಿಬ್ಬ ಹತ್ತಿ ಓಡಿದ್ದಾಳೆ. ಯಾವ ಗುಂಡಿ ಒತ್ತಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದರೆ ಇಷ್ಟು ದಿನ ನೋಡದ ಹಾಗೆ ನೋಡುತ್ತಿದ್ದಳಲ್ಲವಾ?

ಸೆಟ್ಟು ಬಿಚ್ಚುವ ಮಾತು ಈಗ ಯಾರೂ ಆಡುವುದಿಲ್ಲ. ಮಧ್ಯಾಹ್ನ ನಾವು ಅದನ್ನು ಆರಿಸುವುದಿಲ್ಲ, ಇನ್ನು ಮುಂದೆಯೂ ಆರಿಸುವುದಿಲ್ಲ. ಊಟದ ಹೊತ್ತಿಗೆ ತಟ್ಟೆ ಹಿಡಿದು ಅತ್ತಿಗೆಯೇ ನಿನ್ನ ಟಾಪಿನಡಿ ಬಂದು ಕೂರುತ್ತಾಳೆ, ನನ್ನನ್ನು ಎಬ್ಬಿಸಿ ಒಳಗೆ ಉಣ್ಣಲಿಕ್ಕೆ ಕಳಿಸುತ್ತಾಳೆ. ಆ ಹೊತ್ತು ತನ್ನದು ಅಂತ ಹಟ. ಅವತ್ತು ಓಡಿಹೋಗಿ ಮೈಕು ಹಿಡಿದವಳು ರಮೇಶನಿಗೆ ಹೇಳಿದ ಮೊದಲ ಮಾತು ಏನು ಗೊತ್ತಾ ಅಣ್ಣಯ್ಯ?

"ಇದ್ದೇವೆ. ಹೇಳು."

ನಿನ್ನ ಹಟಮಾರಿ ತಂಗಿ,
ಸುಮಿ